ಕುಂಟೆಬಿಲ್ಲೆ ಪರೀಕ್ಷೆ

ನನ್ನ ಹೊಟ್ಟೆಯ ಬಲಭಾಗದಲ್ಲಿ, ಕೆಳಗೆ, ಅರ್ಧ ಗೇಣುದ್ದದ ಒಂದು ಗಾಯದ ಗುರುತಿದೆ. ಹೊಲಿಗೆ ಹಾಕಿದ ಅಡ್ಡಗೆರೆಗಳೂ ಇನ್ನೂ ಕಾಣುತ್ತವೆ. ಮೊಮ್ಮಗ ಪುಟ್ಟ ಚಿಕ್ಕವನಿದ್ದಾಗ ಅದಕ್ಕೆ ‘ತಾತನ ರೈಲು ಹಳಿ’ ಎಂದು ಹೆಸರಿಟ್ಟಿದ್ದ. ನಾನು ಸ್ನಾನ ಮಾಡಿ ಪಂಚೆ ಉಟ್ಟುಕೊಂಡು ಬಂದರೆ ಸಾಕು, ಹಳಿಯ ಮೇಲೆ ಬೆರಳಿನ ರೈಲು ಓಡಿಸುತ್ತಿದ್ದ. 1962ರಲ್ಲಿ, ನನಗೆ 12 ವರ್ಷವಾಗಿದ್ದಾಗ, ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಅಪೆಂಡಿಕ್ಸ್ ತೆಗೆದದ್ದರ ಗುರುತು ಅದು.

ಆ ಹಳಿಯ ಹಿಂದೆ ಇನ್ನೊಂದು ಕಥೆ ಇತ್ತು. ಅದನ್ನು ನಾನು ಅವನಿಗೆ ಹೇಳಿರಲಿಲ್ಲ. ಈಗ ಹೇಳಿದ್ದೇನೆ, ಆದ್ದರಿಂದ ನಿಮಗೂ ಹೇಳಬಹುದು.

ನನಗೊಬ್ಬಳು ಅಕ್ಕ ಇದ್ದಳು, ನನಗಿಂತ ಎರಡು ವರ್ಷ ದೊಡ್ಡವಳು. 1958ರ ಬೇಸಿಗೆ, ನಮ್ಮದು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿ. ಒಂದು ರಾತ್ರಿ ಅಕ್ಕ ಹೊಟ್ಟೆನೋವೆಂದು ಅತ್ತಳು. ಜಾತ್ರೆಯಲ್ಲಿ ಸಿಕ್ಕಿದ್ದೆಲ್ಲ ತಿಂದಿದ್ದಾಳೆ, ಹೊಟ್ಟೆ ಕಟ್ಟಿದೆ ಎಂದು ಅಜ್ಜಿ ಬೆಳಗ್ಗೆ ಹರಳೆಣ್ಣೆ ಕುಡಿಸಿದರು. ಆ ಕಾಲದಲ್ಲಿ ಎಲ್ಲ ಮನೆಯ ಅಜ್ಜಿಯರೂ ಮಾಡುತ್ತಿದ್ದದ್ದು ಅದೇ. ಮರುದಿನ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ನೋವು ನಿಂತೇಹೋಯಿತು. ಅಕ್ಕ ಎದ್ದು ಕೂತಳು. ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ಆ ರಾತ್ರಿ ಮೈ ಕೆಂಡವಾಯಿತು, ಹೊಟ್ಟೆ ಹಲಗೆಯಂತಾಯಿತು. ಗಾಡಿ ಕಟ್ಟಿ ಪೇಟೆಗೆ ಹೊರಟರು. ಒಳಗಿನದು ಒಡೆದು ವಿಷ ಹರಡಿದೆ, ಮೈಸೂರಿಗೆ ಕರೆದುಕೊಂಡು ಹೋಗಿ ಎಂದರಂತೆ ಅಲ್ಲಿನ ಡಾಕ್ಟರು. ಮೈಸೂರು ಮುಟ್ಟಲಿಲ್ಲ.

ನಾಲ್ಕು ವರ್ಷದ ಮೇಲೆ ನನಗೆ ಅದೇ ಜಾಗದಲ್ಲಿ ನೋವು ಬಂದಾಗ ಅಪ್ಪ ಯಾರ ಮಾತನ್ನೂ ಕೇಳಲಿಲ್ಲ. ನಡುರಾತ್ರಿ ಬೆಲ್ಲದ ಲಾರಿಯೊಂದನ್ನು ಕೈ ಅಡ್ಡ ಹಾಕಿ ನಿಲ್ಲಿಸಿ, ನನ್ನನ್ನು ಮೂಟೆಗಳ ಮೇಲೆ ಮಲಗಿಸಿಕೊಂಡು ಮೈಸೂರಿಗೆ ತಂದರು. ಈಥರ್ ವಾಸನೆ, ಮುಖದ ಮೇಲೆ ಮುಚ್ಚಿದ ಬಟ್ಟೆ, ‘ಒಂದು ಎರಡು ಎಣಿಸು ಮಗು’ ಎಂದ ಧ್ವನಿ, ಇಷ್ಟು ನೆನಪಿದೆ. ಹತ್ತು ದಿನ ಆಸ್ಪತ್ರೆಯಲ್ಲಿದ್ದೆ. ಆವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಲೆಕ್ಕ: ಅಪೆಂಡಿಕ್ಸ್ ಎಂದರೆ ಕೊಯ್ದುಬಿಡಬೇಕು, ಕಾಯಬಾರದು.

ಈಗ 2021ರ ಮೇ ತಿಂಗಳಿಗೆ ಬರೋಣ. ಕೊರೊನಾದ ಎರಡನೇ ಅಲೆ. ಬೆಳಗ್ಗೆ ಆರರಿಂದ ಹತ್ತರವರೆಗೆ ಹಾಲು, ತರಕಾರಿ; ಆಮೇಲೆ ಬೀದಿಯಲ್ಲಿ ನಾಯಿಗಳದ್ದೇ ರಾಜ್ಯ. ಬೆಂಗಳೂರಿಗಿಂತ ಇಲ್ಲಿ ವಾಸಿ ಎಂದು ಮಗ ತನ್ನ ಹೆಂಡತಿಯನ್ನೂ ಪುಟ್ಟನನ್ನೂ ಏಪ್ರಿಲ್‌ನಲ್ಲೇ ನಮ್ಮ ಮೈಸೂರಿನ ಮನೆಗೆ ಬಿಟ್ಟುಹೋಗಿದ್ದ. ವಾಸಿ ಏನೂ ಇರಲಿಲ್ಲ. ಸೊಸೆಗೆ ಕೆಮ್ಮು ಶುರುವಾಯಿತು, ಪುಟ್ಟನಿಗೆ ಮೈ ಬೆಚ್ಚಗಾಯಿತು. ಗಂಟಲಿನ ಪರೀಕ್ಷೆಯಲ್ಲಿ ಇಬ್ಬರಿಗೂ ಪಾಸಿಟಿವ್, ನಮ್ಮಿಬ್ಬರು ಮುದುಕರಿಗೆ ನೆಗೆಟಿವ್. ತಾಯಿ ಮಗ ಮಹಡಿಯ ಮೇಲೆ, ನಾವು ಕೆಳಗೆ. ನನ್ನಾಕೆ ಅಡುಗೆ ಮಾಡಿದರೆ ನಾನು ತಟ್ಟೆಯನ್ನು ಮೆಟ್ಟಿಲಿನ ತುದಿಯಲ್ಲಿಟ್ಟು, ‘ಊಟ ಬಂತು’ ಎಂದು ಕೂಗಿ ಇಳಿದುಬಿಡುತ್ತಿದ್ದೆ.

ಐದನೆಯ ದಿನ ಸಂಜೆ ಪುಟ್ಟ ಫೋನ್ ಮಾಡಿದ. ಮೇಲಿಂದ ಕೆಳಕ್ಕೆ ಫೋನು!

‘ತಾತ, ಹೊಟ್ಟೆ ನೋವು. ಹೊಕ್ಕುಳ ಹತ್ರ.’

ಕೊರೊನಾದಲ್ಲಿ ಮಕ್ಕಳಿಗೆ ಹೊಟ್ಟೆ ಕೆಡುತ್ತದೆಂದು ಟಿವಿಯಲ್ಲಿ ಕೇಳಿದ್ದೆವು. ನನ್ನಾಕೆ ಓಮದ ಕಷಾಯ ಕಾಯಿಸಿದಳು, ನಾನು ಮೆಟ್ಟಿಲಿನ ಮೇಲಿಟ್ಟೆ. ರಾತ್ರಿ ವಾಂತಿಯಾಯಿತು. ಕಷಾಯ ಹಿಡಿಸಲಿಲ್ಲ ಎಂದುಕೊಂಡೆವು. ನೋಡಿ, ಅಕ್ಕನನ್ನು ಕಳೆದುಕೊಂಡವನು, ಸ್ವತಃ ಹೊಟ್ಟೆ ಕೊಯ್ಸಿಕೊಂಡವನು, ನನಗೇ ಹೊಳೆಯಲಿಲ್ಲ. ಮನೆತುಂಬ ಒಂದು ಕಾಯಿಲೆಯ ಹೆಸರೇ ತುಂಬಿಕೊಂಡಿದ್ದಾಗ ಇನ್ನೊಂದು ಕಾಯಿಲೆ ಬರಬಹುದೆಂಬುದು ಮರೆತೇಹೋಗುತ್ತದೆ.

ಬೆಳಗ್ಗೆ ಸೊಸೆ ಫೋನ್ ಮಾಡಿದಳು. ‘ಮಾವ, ನೋವು ಈಗ ಬಲಗಡೆ ಕೆಳಕ್ಕೆ ಇಳಿದಿದೆ. ಕಾಲು ಮಡಚಿಕೊಂಡೇ ಮಲಗಿದಾನೆ. ಒಂದು ತುತ್ತೂ ಬೇಡ ಅಂತಾನೆ.’

ನನ್ನ ಕೈ ತಣ್ಣಗಾಯಿತು. ನಮ್ಮ ಮಾಮೂಲಿ ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ಎಲ್ಲ ಕೇಳಿಸಿಕೊಂಡು, ‘ಹುಡುಗನಿಗೆ ಕುಂಟೆಬಿಲ್ಲೆ ಆಡೋಕೆ ಬರುತ್ತಾ?’ ಎಂದರು. ಇದೇನು ಇಂಥ ಹೊತ್ತಿನಲ್ಲಿ ಆಟದ ಮಾತು ಎನಿಸಿತು. ‘ಬಲಗಾಲಲ್ಲಿ ಒಂದು ಸಲ ಕುಂಟಿ ನೆಗೆಯೋಕೆ ಹೇಳಿ’ ಎಂದರು. ನಾನು ಮೆಟ್ಟಿಲ ಕೆಳಗೆ ನಿಂತು ಕೂಗಿದೆ. ಪುಟ್ಟ ಎದ್ದು ನಿಂತದ್ದು, ಅಮ್ಮನ ಕೈ ಹಿಡಿದದ್ದು ಕಾಣಿಸಿತು. ಅರ್ಧ ಅಂಗುಲ ನೆಗೆದಿರಬೇಕು. ‘ಅಮ್ಮಾ’ ಎಂದು ಕುಸಿದು ಕೂತ.

‘ತಡ ಮಾಡಬೇಡಿ’ ಎಂದರು ಡಾಕ್ಟರು. ‘ಏನೂ ತಿನ್ನಿಸಬೇಡಿ, ಕುಡಿಸಬೇಡಿ. ಹೊಟ್ಟೆ ಸಡಿಲವಾಗೋ ಔಷಧ ಕೊಟ್ಟಿಲ್ಲ ತಾನೆ?’ ಇಲ್ಲ ಎಂದೆ. ಹರಳೆಣ್ಣೆ ಶೀಷೆ ಅಡುಗೆಮನೆಯ ಕಪಾಟಿನಲ್ಲೇ ಇತ್ತು.

ಆಂಬುಲೆನ್ಸ್‌ನಲ್ಲಿ ತಾಯಿ ಮಗನಿಗೆ ಮಾತ್ರ ಜಾಗ. ನಾನು ಸ್ಕೂಟರಿನಲ್ಲಿ ಹಿಂದೆ ಹೋದೆ. ದಾರಿಯಲ್ಲಿ ಬ್ಯಾರಿಕೇಡ್, ಪೊಲೀಸಿನವರು ತಡೆದರು. ನಾನು ಮಾತಾಡಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಮುಂದೆ ಹೋಗುತ್ತಿದ್ದ ಆಂಬುಲೆನ್ಸ್ ಕಡೆ ಕೈ ತೋರಿಸಿದೆ. ‘ಹೋಗಿ ಯಜಮಾನ್ರೇ’ ಎಂದು ಅವರೇ ಹಗ್ಗ ಸರಿಸಿದರು.

ಆಸ್ಪತ್ರೆಯ ಗೇಟಿನಿಂದಾಚೆ ನನಗೆ ಪ್ರವೇಶವಿಲ್ಲ. ಹೊಂಗೆ ಮರದ ಕೆಳಗೆ ನಿಂತೆ. ಎರಡು ಗಂಟೆಯ ಮೇಲೆ ಸರ್ಜನ್ ಡಾಕ್ಟರಮ್ಮ ಹೊರಗೆ ಬಂದರು. ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಪರದೆ. ಕಣ್ಣು ಮಾತ್ರ ಕಾಣುತ್ತಿತ್ತು. ಆರಡಿ ದೂರದಲ್ಲೇ ನಿಂತು ಹೇಳಿದರು: ‘ಸರ್, ಅಪೆಂಡಿಸೈಟಿಸ್ ಹೌದು. ಸ್ಕ್ಯಾನ್‌ನಲ್ಲಿ ಊದಿಕೊಂಡಿದೆ, ಆದರೆ ಒಡೆದಿಲ್ಲ. ಒಳಗೆ ಕಲ್ಲೂ ಇಲ್ಲ. ಆಪರೇಷನ್ ಈಗಲೇ ಬೇಡ ಅಂತ ನನ್ನ ಅಭಿಪ್ರಾಯ. ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಡ್ತೀವಿ, ಕಣ್ಣಿಟ್ಟು ನೋಡ್ತೀವಿ.’

‘ಬೇಡಿ ಅಮ್ಮ, ಕೊಯ್ದುಬಿಡಿ’ ಎಂದೆ. ನನ್ನ ಧ್ವನಿ ಏರಿತ್ತು. ‘ಕೊರೊನಾ ಮಗು ಅಂತ ಮುಟ್ಟೋಕೆ ಹಿಂಜರೀತಿದ್ದೀರಾ?’ ಎಂದೂ ಅಂದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವರು ಸಿಟ್ಟಾಗಲಿಲ್ಲ. ‘ಮುಟ್ಟಿಯೇ ನೋಡಿ ಬಂದಿದ್ದೀನಿ ಸರ್. ಕೂತ್ಕೊಳ್ಳಿ, ಹೇಳ್ತೀನಿ’ ಎಂದರು. ಮರದ ಕಟ್ಟೆಯ ಮೇಲೆ ಕೂತೆ. ಅವರು ನಿಂತೇ ಹೇಳಿದರು.

ಮಕ್ಕಳೇ, ಅಪೆಂಡಿಕ್ಸ್ ಎಂದರೆ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕಡೆ ಜೋತುಬಿದ್ದಿರುವ ಬೆರಳುದ್ದದ ಒಂದು ಬಾಲ. ಒಂದು ತುದಿ ಮುಚ್ಚಿದ ಕೊಳವೆ ಅದು. ಬಾಯಿ ಕಟ್ಟಿಕೊಂಡರೆ ಒಳಗಿರುವ ಬ್ಯಾಕ್ಟೀರಿಯಾಗಳು ಸಂಖ್ಯೆ ಹೆಚ್ಚಿಸಿಕೊಂಡು ಕೊಳವೆ ಊದುತ್ತದೆ, ಕೀವಾಗುತ್ತದೆ, ಬಿಟ್ಟರೆ ಒಡೆಯುತ್ತದೆ. ಆಪರೇಷನ್ ಎಂದರೆ ಬಾಲವನ್ನೇ ಕತ್ತರಿಸಿ ತೆಗೆಯುವುದು. ಆಂಟಿಬಯೋಟಿಕ್ ಎಂದರೆ ಬಾಲವನ್ನು ಇದ್ದಲ್ಲೇ ಬಿಟ್ಟು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು. ಕೊರೊನಾ ವೈರಸ್ಸಿಗೆ ಆಂಟಿಬಯೋಟಿಕ್ ಏನೂ ಮಾಡದು, ಆದರೆ ಹೊಟ್ಟೆಯ ಈ ಬ್ಯಾಕ್ಟೀರಿಯಾಗಳಿಗೆ ಮಾಡುತ್ತದೆ. ಇಬ್ಬರು ಕಳ್ಳರು ಒಂದೇ ಮನೆಗೆ ನುಗ್ಗಿದ್ದರು. ಒಬ್ಬನನ್ನು ಹಿಡಿಯುವ ಕೋಳ ಇನ್ನೊಬ್ಬನ ಕೈಗೆ ಆಗುವುದಿಲ್ಲ, ಅಷ್ಟೆ.

ಹಾಗಾದರೆ ಆಪರೇಷನ್ ಯಾಕೆ ಬೇಡ? ಅರಿವಳಿಕೆ ಕೊಡಲು ಗಂಟಲೊಳಗೆ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸಬೇಕು. ವೈರಸ್ ಹೊಕ್ಕ ಶ್ವಾಸಕೋಶಕ್ಕೆ ಅದೊಂದು ಹೆಚ್ಚಿನ ಹೊರೆ. 2020ರ ಮೇ ತಿಂಗಳಲ್ಲೇ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ 24 ದೇಶಗಳ ಲೆಕ್ಕ ಬಂದಿತ್ತು: ಆಪರೇಷನ್ನಿನ ಆಸುಪಾಸಿನಲ್ಲಿ ಕೊರೊನಾ ತಗುಲಿದ್ದ 1,128 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಶ್ವಾಸಕೋಶದ ತೊಂದರೆಯಾಗಿತ್ತು, ನೂರಕ್ಕೆ 24ರ ಹತ್ತಿರ ಮಂದಿ ಒಂದು ತಿಂಗಳೊಳಗೆ ತೀರಿಕೊಂಡಿದ್ದರು. ‘ಅವರಲ್ಲಿ ಹೆಚ್ಚಿನವರು ವಯಸ್ಸಾದವರು ಸರ್, ಮಕ್ಕಳಿಗೆ ಅಷ್ಟು ಭಯ ಇಲ್ಲ’ ಎಂದೂ ಅವರೇ ಸೇರಿಸಿದರು. ಇನ್ನೊಂದು ಕಾರಣ, ಗಂಟಲಿಗೆ ಕೊಳವೆ ಇಳಿಸುವಾಗ ಪಕ್ಕದಲ್ಲಿರುವವರೆಲ್ಲ ಆ ಉಸಿರಿಗೆ ಮುಖವೊಡ್ಡಬೇಕು. ಅವರ ಆಸ್ಪತ್ರೆಯಲ್ಲಿ ಆ ವಾರ ಅರಿವಳಿಕೆ ಕೊಡುವ ಇಬ್ಬರು ಡಾಕ್ಟರುಗಳಲ್ಲಿ ಒಬ್ಬರು ಸ್ವತಃ ಜ್ವರದಲ್ಲಿ ಮಲಗಿದ್ದರು. ಬ್ರಿಟನ್ನಿನ ರಾಯಲ್ ಕಾಲೇಜುಗಳು 2020ರ ಮಾರ್ಚ್‌ನಲ್ಲೇ ಸರ್ಜನ್‌ಗಳಿಗೆ ಸೂಚನೆ ಕೊಟ್ಟಿದ್ದವಂತೆ: ಸುರಕ್ಷಿತವಾಗಿ ಸಾಧ್ಯವಿದ್ದ ಕಡೆ ಕತ್ತಿಯಿಲ್ಲದ ದಾರಿ ನೋಡಿ ಎಂದು.

‘ಕಾಯೋದು ಅಂದ್ರೆ ಸುಮ್ಮನೆ ಕೂರೋದಲ್ಲ ಸರ್’ ಎಂದರು. ‘ಆರಾರು ಗಂಟೆಗೆ ನಾನು ಹೊಟ್ಟೆ ಮುಟ್ಟಿ ನೋಡ್ತೀನಿ. ನಾಳೆ ಬೆಳಗ್ಗೆಗೆ ಹದಗೆಟ್ಟರೆ, ಒಡೆಯೋ ಸೂಚನೆ ಬಂದರೆ, ಕೊರೊನಾ ಇರಲಿ ಏನೇ ಇರಲಿ, ಆ ಗಳಿಗೆಯಲ್ಲೇ ಆಪರೇಷನ್. ಥಿಯೇಟರ್ ಸಿದ್ಧವಾಗೇ ಇರುತ್ತೆ.’

ನಾನು ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದವನು, ಅಂಕಿ ಕೇಳದೆ ಸಹಿ ಹಾಕಿ ಅಭ್ಯಾಸವಿಲ್ಲ. ‘ನೂರಕ್ಕೆ ಎಷ್ಟು ಜನಕ್ಕೆ ಗುಣವಾಗತ್ತೆ?’ ಎಂದೆ. ಅವರ ಬಳಿ ಅಂಕಿ ಇತ್ತು. ಅಮೆರಿಕದ ಹತ್ತು ಮಕ್ಕಳ ಆಸ್ಪತ್ರೆಗಳಲ್ಲಿ 7ರಿಂದ 17 ವರ್ಷದ 1,068 ಮಕ್ಕಳ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಗಿತ್ತು. ಹೆತ್ತವರೇ ಆರಿಸಿಕೊಂಡಂತೆ 370 ಮಕ್ಕಳಿಗೆ ಔಷಧ, ಉಳಿದವರಿಗೆ ಆಪರೇಷನ್. ಔಷಧದ ಮಕ್ಕಳಲ್ಲಿ ನೂರಕ್ಕೆ 67 ಜನ ಒಂದು ವರ್ಷದ ನಂತರವೂ ಕತ್ತಿಯಿಲ್ಲದೇ ಇದ್ದರು.

‘ಉಳಿದ 33?’

‘ಅವರಿಗೆ ಆಪರೇಷನ್ ಆಯ್ತು. ಕೆಲವರಿಗೆ ಆಗಲೇ, ಕೆಲವರಿಗೆ ತಿಂಗಳುಗಳ ಮೇಲೆ.’

‘ನಮ್ಮ ಹುಡುಗ ಯಾವ ಕಾಲಮ್ಮಿಗೆ ಬರ್ತಾನೆ?’

‘ಅದು ನನಗೂ ಗೊತ್ತಿಲ್ಲ ಸರ್’ ಎಂದರು. ಗೊತ್ತಿಲ್ಲ ಎಂದು ಹೇಳುವ ಡಾಕ್ಟರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಆ ಒಂದು ಮಾತಿನಿಂದ ನನಗೆ ಅವರ ಮೇಲೆ ನಂಬಿಕೆ ಬಂತು. ಮಗ ಬೆಂಗಳೂರಿನಿಂದ ಫೋನಿನಲ್ಲಿ ಒಪ್ಪಿದ, ಒಳಗೆ ಸೊಸೆ ಸಹಿ ಹಾಕಿದಳು.

ಮುಂದಿನ ಎರಡು ರಾತ್ರಿ ನಾನು ಮಲಗಲಿಲ್ಲ. ಪುಟ್ಟನೂ ಮಲಗುತ್ತಿರಲಿಲ್ಲ. ಕೈಗೆ ಡ್ರಿಪ್, ಸುತ್ತ ಬಿಳಿ ಅಂಗಿಯ ಮುಖವಿಲ್ಲದ ಜನ. ಫೋನಿನಲ್ಲಿ ‘ಕಥೆ ಹೇಳಿ ತಾತ’ ಎನ್ನುತ್ತಿದ್ದ. ನನಗೆ ಆ ಹೊತ್ತಿನಲ್ಲಿ ಬರುತ್ತಿದ್ದದ್ದು ಅಪೆಂಡಿಕ್ಸ್ ಕಥೆಗಳೇ.

ಮೊದಲು ರಾಜನ ಕಥೆ ಹೇಳಿದೆ. ಇಂಗ್ಲೆಂಡಿನ ಏಳನೇ ಎಡ್ವರ್ಡನಿಗೆ 1902ರ ಜೂನ್ 26ರಂದು ಪಟ್ಟಾಭಿಷೇಕ. ದೇಶದೇಶಗಳಿಂದ ರಾಜರು ಬಂದಿಳಿದಿದ್ದರು. ಎರಡೇ ದಿನ ಮುಂಚೆ ಅವನಿಗೆ ಈ ನೋವು ವಿಪರೀತವಾಗಿ, ಪಟ್ಟಾಭಿಷೇಕ ನಿಲ್ಲಿಸಿ, ಫ್ರೆಡ್ರಿಕ್ ಟ್ರೀವ್ಸ್ ಎಂಬ ಸರ್ಜನ್ ಅರಮನೆಯಲ್ಲೇ ಹೊಟ್ಟೆ ಕೊಯ್ದರು. ತಮಾಷೆಯೆಂದರೆ ಅವರು ಅಪೆಂಡಿಕ್ಸ್ ತೆಗೆಯಲೇ ಇಲ್ಲ! ಕಟ್ಟಿಕೊಂಡಿದ್ದ ಕೀವನ್ನು ಹೊರಗೆ ಹರಿಸಿ ಬಿಟ್ಟರು. ರಾಜ ಗುಣವಾಗಿ ಆಗಸ್ಟ್ 9ರಂದು ಕಿರೀಟ ಇಟ್ಟುಕೊಂಡ. ‘ಅಡುಗೆ ಮಾಡಿಟ್ಟಿದ್ರಲ್ಲ, ಏನ್ಮಾಡಿದ್ರು?’ ಎಂದು ಪುಟ್ಟ ಕೇಳಿದ. ಅವನ ಯೋಚನೆಯೇ ಬೇರೆ.

ಆಮೇಲೆ ಜಲಾಂತರ್ಗಾಮಿಯ ಕಥೆ. 1942ರ ಸೆಪ್ಟೆಂಬರ್, ಎರಡನೇ ಮಹಾಯುದ್ಧ, ಸಮುದ್ರದೊಳಗೆ ಅಮೆರಿಕದ ‘ಸೀಡ್ರ್ಯಾಗನ್’. ಒಬ್ಬ ನಾವಿಕನಿಗೆ ಅಪೆಂಡಿಸೈಟಿಸ್. ಹಡಗಿನಲ್ಲಿ ಡಾಕ್ಟರಿಲ್ಲ, ಔಷಧ ಕೊಡುವ ವೀಲರ್ ಲೈಪ್ಸ್ ಎಂಬ ತರುಣನಿದ್ದ. ಅವನು ಅಡುಗೆಮನೆಯ ಚಮಚಗಳನ್ನು ಬಗ್ಗಿಸಿಕೊಂಡು, ಅವುಗಳಿಂದ ಗಾಯ ಅಗಲಿಸಿ ಹಿಡಿಸಿ, ಚಹಾ ಸೋಸುವ ಜಾಲರಿಯ ಮೂಲಕ ಈಥರ್ ಕೊಡಿಸಿ, ಆಪರೇಷನ್ ಮಾಡಿಯೇಬಿಟ್ಟ. ನಾವಿಕ ಬದುಕಿದ. ಮುಂದೆ ಪೆನಿಸಿಲಿನ್‌ನಂಥ ಔಷಧಗಳು ಬಂದ ಮೇಲೆ ಇಂಥ ಸಾಹಸ ಬೇಡವೆಂದು, ಜಲಾಂತರ್ಗಾಮಿಗಳಲ್ಲಿ ಆಂಟಿಬಯೋಟಿಕ್ ಕೊಟ್ಟೇ ದಡ ಸೇರಿಸುವ ಪದ್ಧತಿ ಬೆಳೆಯಿತು. ಅಂದರೆ ಪುಟ್ಟನಿಗೆ ಮಾಡುತ್ತಿದ್ದದ್ದು ಕೊರೊನಾ ಕಾಲದಲ್ಲಿ ಹೊಸದಾಗಿ ಹುಟ್ಟಿದ ಉಪಾಯವೇನಲ್ಲ. 1950ರ ದಶಕದಲ್ಲೇ ಕೋಲ್ಡ್ರೆ ಎಂಬ ಇಂಗ್ಲೆಂಡಿನ ಸರ್ಜನ್ 471 ರೋಗಿಗಳಿಗೆ ಹೀಗೆ ಚಿಕಿತ್ಸೆ ಮಾಡಿ ಬರೆದಿದ್ದರು; ಹೆಚ್ಚಿನವರು ಕಿವಿಗೆ ಹಾಕಿಕೊಂಡಿರಲಿಲ್ಲ.

ಮೂರನೆಯ ಕಥೆ ಹೇಳಬಾರದಿತ್ತು. 1961ರ ಏಪ್ರಿಲ್ ಕೊನೆ, ನನಗೆ ಆಪರೇಷನ್ ಆಗುವ ಹಿಂದಿನ ವರ್ಷ. ಅಂಟಾರ್ಕ್ಟಿಕದ ಹಿಮದಲ್ಲಿ ರಷ್ಯನ್ನರ ನೊವೊಲಝರೆವ್‌ಸ್ಕಾಯ ಎಂಬ ಠಾಣೆ. ಅಲ್ಲಿದ್ದ ಒಬ್ಬನೇ ಒಬ್ಬ ಡಾಕ್ಟರು, 27 ವರ್ಷದ ಲಿಯೊನಿದ್ ರೊಗೊಝೊವ್. ಅವನಿಗೇ ಅಪೆಂಡಿಸೈಟಿಸ್! ಹೊರಗೆ ಹಿಮದ ಬಿರುಗಾಳಿ, ವಿಮಾನ ಬರುವಂತಿಲ್ಲ. ಒಬ್ಬ ಡ್ರೈವರ್, ಒಬ್ಬ ಹವಾಮಾನ ತಜ್ಞ, ಇಬ್ಬರನ್ನು ಪಕ್ಕದಲ್ಲಿಟ್ಟುಕೊಂಡು, ಜಾಗ ಮರಗಟ್ಟುವ ಸೂಜಿಮದ್ದು ಮಾತ್ರ ಚುಚ್ಚಿಕೊಂಡು, ತನ್ನ ಹೊಟ್ಟೆಯನ್ನು ತಾನೇ ಕೊಯ್ದುಕೊಂಡು ಅಪೆಂಡಿಕ್ಸ್ ತೆಗೆದ. ಕನ್ನಡಿಯಲ್ಲಿ ಎಲ್ಲ ತಿರುವುಮುರುವಾಗಿ ಕಾಣುತ್ತಿದ್ದುದರಿಂದ ಹೆಚ್ಚಾಗಿ ಬೆರಳಿನ ಸ್ಪರ್ಶದಿಂದಲೇ ಹುಡುಕಿದ. ಎರಡು ವಾರದಲ್ಲಿ ಕೆಲಸಕ್ಕೆ ಮರಳಿದ.

ಪುಟ್ಟ ಉಸಿರು ಬಿಗಿಹಿಡಿದು ಕೇಳಿದ. ಆಮೇಲೆ, ‘ತಾತ, ಅವನು ಆಂಟಿಬಯೋಟಿಕ್ ತಗೊಳ್ಲಿಲ್ವಾ?’ ಎಂದ.

ಸುಳ್ಳು ಹೇಳಬಹುದಿತ್ತು. ‘ತಗೊಂಡ ಪುಟ್ಟ. ಕಡಿಮೆ ಆಗಲಿಲ್ಲ’ ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ನನಗೂ ಕಡಿಮೆ ಆಗಿಲ್ಲ ತಾತ’ ಎಂದ.

ಬೆಳಗಿನ ಜಾವ ಮೂರೂವರೆಗೆ ಫೋನ್ ಬಡಿದುಕೊಂಡಿತು. ಸೊಸೆಯ ಧ್ವನಿಯಲ್ಲಿ ನಗು. ‘ಮಾವ, ನೋವು ಕಡಿಮೆ ಆಯ್ತಂತೆ! ಎದ್ದು ಕೂತಿದಾನೆ.’

ನನ್ನಾಕೆ ಕೈಮುಗಿದಳು. ನನಗೆ ಮಾತ್ರ ಅಕ್ಕ ಎದ್ದು ಕೂತದ್ದೇ ಕಣ್ಣಿಗೆ ಬಂತು. ಆ ಮಧ್ಯಾಹ್ನದ ಬೆಳಕು, ತುಪ್ಪದ ದೀಪ. ಒಡೆದಾಗ ಒಳಗಿನ ಒತ್ತಡ ಇಳಿದು ನೋವು ಕೆಲವು ಗಂಟೆ ಮಾಯವಾಗುವುದುಂಟು ಎಂದು ದೊಡ್ಡವನಾದ ಮೇಲೆ ಯಾರೋ ಡಾಕ್ಟರು ನನಗೆ ವಿವರಿಸಿದ್ದರು. ನನ್ನ ಕಾಲು ನಡುಗಿದವು. ‘ನರ್ಸನ್ನ ಕರಿ, ಡಾಕ್ಟರಮ್ಮನ್ನ ಎಬ್ಬಿಸು, ಈಗಲೇ’ ಎಂದು ಕೂಗಿದೆ. ಸೊಸೆಗೆ ನಾನ್ಯಾಕೆ ಕಿರುಚುತ್ತಿದ್ದೇನೆಂದು ತಿಳಿಯಲಿಲ್ಲ. ಅವಳಿಗೂ ಅಕ್ಕನ ಕಥೆ ಗೊತ್ತಿರಲಿಲ್ಲ.

ಕಾಲು ಗಂಟೆ. ಗೋಡೆ ಗಡಿಯಾರದ ಮುಂದೆ ನಿಂತೇ ಇದ್ದೆ. ಮತ್ತೆ ಫೋನ್ ಬಂತು, ಈ ಸಲ ಡಾಕ್ಟರಮ್ಮನದೇ. ‘ಸರ್, ನಿಮ್ಮ ಅನುಮಾನ ಸರಿಯಾದದ್ದೇ. ಆದರೆ ಹೊಟ್ಟೆ ಮೆತ್ತಗಿದೆ. ಜ್ವರ 101ರಿಂದ 99ಕ್ಕೆ ಇಳಿದಿದೆ, ನಾಡಿ ಇಳಿದಿದೆ. ಒಡೆದಿದ್ದರೆ ಇವೆಲ್ಲ ಏರುತ್ತಿದ್ದವು. ಇನ್ನೊಂದು ವಿಷಯ, ಹುಡುಗ ತಿಳಿಸಾರು ಅನ್ನ ಕೇಳ್ತಿದಾನೆ.’

ಹಸಿವು! ಎರಡು ದಿನದಿಂದ ಅನ್ನದ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದ ಹುಡುಗ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನನ್ನಾಕೆ, ‘ರೀ, ಏನಂದ್ರು? ಏನಂದ್ರು?’ ಎಂದು ಕೇಳುತ್ತಲೇ ಇದ್ದಳು. ನಾನು, ‘ಬೇಳೆ ನೆನೆಹಾಕು’ ಎಂದೆ. ಆಸ್ಪತ್ರೆಯವರು ಹೊರಗಿನ ಊಟ ಬಿಡುವುದಿಲ್ಲ ಎಂಬುದು ಇಬ್ಬರಿಗೂ ನೆನಪಿರಲಿಲ್ಲ.

ನಾಲ್ಕನೆಯ ದಿನ ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಊತ ಇಳಿದಿದೆಯೆಂದು ಮನೆಗೆ ಕಳಿಸಿದರು. ಇನ್ನೂ ಒಂದು ವಾರ ಮಾತ್ರೆ. ಹೊರಡುವಾಗ ಡಾಕ್ಟರಮ್ಮ ಗೇಟಿನ ತನಕ ಬಂದು ನನಗೆ ಹೇಳಿದರು: ‘ಬಾಲ ಅಲ್ಲೇ ಇದೆ ಸರ್. ಮತ್ತೆ ನೋವು ಬಂದರೆ ಮನೇಲಿ ಉಳಿದಿರೋ ಆಂಟಿಬಯೋಟಿಕ್ ನುಂಗಿಸಬೇಡಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ. ನೇರ ಕರೆದುಕೊಂಡು ಬನ್ನಿ.’ ಸ್ಕ್ಯಾನ್ ಮಾಡಿ, ಒಡೆದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕಣ್ಗಾವಲಿನಲ್ಲಿ ಕೊಡುವ ಔಷಧವೇ ಬೇರೆ. ಹೊಟ್ಟೆನೋವೆಂದು ನಾವೇ ನುಂಗುವ ಮಾತ್ರೆಯೇ ಬೇರೆ. ಓದುವ ಅಜ್ಜ ಅಜ್ಜಿಯರೇ, ಇದನ್ನೊಂದು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಿ. ನಮ್ಮ ಕಷಾಯದ ಡಬ್ಬಿಗಳ ಮೇಲೆ ನಮಗೆ ಬಹಳ ನಂಬಿಕೆ.

ಆಮೇಲೆ ನನಗೊಂದು ಗೀಳು ಹತ್ತಿತು. ಮಗನಿಂದ ಲೇಖನಗಳನ್ನು ತರಿಸಿಕೊಂಡು, ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಕಾಲಮ್ ಹಾಕಿ ಬರೆದುಕೊಂಡೆ. ಫಿನ್ಲೆಂಡಿನವರು 530 ವಯಸ್ಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದ್ದರು. ಔಷಧದ ಗುಂಪಿನಲ್ಲಿ ಒಂದು ವರ್ಷದೊಳಗೆ ಆಪರೇಷನ್ ಬೇಕಾದದ್ದು ನೂರಕ್ಕೆ 27 ಜನರಿಗೆ. ಐದು ವರ್ಷ ಕಾದು ನೋಡಿದಾಗ ಕಾಯಿಲೆ ಮರುಕಳಿಸಿದ್ದು 39 ಜನರಿಗೆ. ಅಮೆರಿಕದ 25 ಆಸ್ಪತ್ರೆಗಳ 1,552 ವಯಸ್ಕರ ಅಧ್ಯಯನ ಇನ್ನೂ ದೊಡ್ಡದು. ಅಲ್ಲಿ ಮೂರು ತಿಂಗಳಲ್ಲಿ 29, ಎರಡು ವರ್ಷದಲ್ಲಿ 46. ಒಳಗೆ ಕಲ್ಲಿನಂಥ ಗಟ್ಟಿ ಉಂಡೆ ಇದ್ದವರಲ್ಲಿ ಮೂರು ತಿಂಗಳಿಗೇ 41. ಡಾಕ್ಟರಮ್ಮ ಮೊದಲ ದಿನವೇ ‘ಕಲ್ಲೂ ಇಲ್ಲ’ ಎಂದದ್ದರ ಬೆಲೆ ಆಗ ತಿಳಿಯಿತು. ಆ ದೊಡ್ಡ ಅಧ್ಯಯನ ಪ್ರಕಟವಾದದ್ದು 2020ರ ಅಕ್ಟೋಬರ್‌ನಲ್ಲಿ, ಸರಿಯಾಗಿ ಕೊರೊನಾ ಜಗತ್ತನ್ನೆಲ್ಲ ಕಟ್ಟಿಹಾಕಿದ್ದಾಗ. ಇಂಥ ಕಾಕತಾಳೀಯವನ್ನು ಏನೆನ್ನಬೇಕೋ.

ಪುಟ್ಟ ಕೊನೆಗೆ ಯಾವ ಕಾಲಮ್ಮಿಗೆ ಬಂದ ಎಂದು ನೀವು ಕೇಳುತ್ತೀರಿ. 2022ರ ಗೌರಿ ಗಣೇಶ ಹಬ್ಬಕ್ಕೆ ಎಲ್ಲರೂ ಮೈಸೂರಿಗೆ ಬಂದಿದ್ದರು. ಹಬ್ಬದ ಮರುದಿನ ಪುಟ್ಟ ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ. ‘ಕಡುಬು ಜಾಸ್ತಿ ಆಯ್ತೇನೋ’ ಎಂದು ನನ್ನಾಕೆ ಅಂದಳೇ ಹೊರತು ಓಮದ ಡಬ್ಬಿಗೆ ಕೈ ಹಾಕಲಿಲ್ಲ. ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಪುಟ್ಟ ಬಲಗಾಲಿನ ಮೇಲೆ ನಿಂತು ಒಮ್ಮೆ ನೆಗೆದು, ಗೋಡೆ ಹಿಡಿದುಕೊಂಡು, ‘ಅದೇ ತಾತ’ ಎಂದ.

ಹದಿನಾರು ತಿಂಗಳ ಮೇಲೆ ಬಂದಿತ್ತು. ಅದೇ ಆಸ್ಪತ್ರೆ, ಅದೇ ಡಾಕ್ಟರಮ್ಮ. ಕೊರೊನಾ ಪರೀಕ್ಷೆ ನೆಗೆಟಿವ್. ಈ ಸಲ ಅವರು ಆಪರೇಷನ್ನೇ ಸರಿ ಎಂದರು, ನಾವೂ ಒಪ್ಪಿದೆವು. ತಮ್ಮ ಕೋಣೆಯಲ್ಲಿ ಮಾಸ್ಕ್ ತೆಗೆದು ಒಂದು ಗುಟುಕು ನೀರು ಕುಡಿದರು. ನಾನು ಅವರ ಮುಖ ನೋಡಿದ್ದು ಆಗಲೇ ಮೊದಲು. ನಾನಂದುಕೊಂಡಿದ್ದಕ್ಕಿಂತ ಎಷ್ಟೋ ಚಿಕ್ಕ ವಯಸ್ಸಿನವರು, ನನ್ನ ಮಗಳಿದ್ದಿದ್ದರೆ ಅಷ್ಟಿರುತ್ತಿದ್ದಳು. ಅಂದು ಮರದ ಕೆಳಗೆ ನಾನಾಡಿದ ಮಾತಿಗೆ ಕ್ಷಮೆ ಕೇಳಿದೆ. ‘ಆ ವರ್ಷ ಎಲ್ಲರೂ ಏನೇನೋ ಅಂದ್ರು ಸರ್. ನಾನೂ ಮನೇಲಿ ಅಂದಿದ್ದೀನಿ’ ಎಂದು ನಕ್ಕರು.

ಸಣ್ಣ ಮೂರು ತೂತು, ಅದರಲ್ಲೊಂದರಿಂದ ಕ್ಯಾಮೆರಾ. ಮೂರನೆಯ ದಿನ ಮನೆಗೆ ಬಂದ. ಮಗನಿಗೆ ಸ್ವಲ್ಪ ಬೇಸರವಿತ್ತು. ‘ಅಪ್ಪಾ, ಮೊದಲನೇ ಸಲವೇ ಮಾಡಿಸಿದ್ದಿದ್ರೆ ಎರಡೆರಡು ಸಲ ಖರ್ಚು, ನೋವು ತಪ್ತಿತ್ತಲ್ಲ’ ಎಂದ. ಅವನ ಮಾತಿನಲ್ಲೂ ನ್ಯಾಯವಿದೆ. ಮಾಮೂಲಿ ಕಾಲದಲ್ಲಾಗಿದ್ದರೆ ನಾನೂ ಮೊದಲ ಸಲವೇ ಆಪರೇಷನ್ ಎನ್ನುತ್ತಿದ್ದೆನೇನೋ. ಆದರೆ ಬ್ಯಾಂಕಿನಲ್ಲಿ ಬರಗಾಲದ ವರ್ಷ ರೈತರ ಸಾಲದ ಕಂತು ಮುಂದೂಡಿ ಕೊಡುತ್ತಿದ್ದೆವು. ಸಾಲ ತೀರಿತೆಂದು ಯಾರೂ ಹೇಳುತ್ತಿರಲಿಲ್ಲ, ಮಳೆ ಬರಲಿ ಎಂದು ಅಷ್ಟೆ. 140,000ಕ್ಕೂ ಹೆಚ್ಚು ರೋಗಿಗಳನ್ನು 116 ದೇಶಗಳಲ್ಲಿ ಗಮನಿಸಿದ ಇನ್ನೊಂದು ಅಧ್ಯಯನ 2021ರಲ್ಲಿ ಬಂದಿತ್ತು. ಕೊರೊನಾ ತಗುಲಿದ ಮೇಲೆ ಸಾಧ್ಯವಿದ್ದರೆ ಏಳು ವಾರವಾದರೂ ಆಪರೇಷನ್ ಮುಂದೂಡುವುದು ಒಳ್ಳೆಯದು ಎಂದು. ಪುಟ್ಟನಿಗೆ ಸಿಕ್ಕಿದ್ದು ಹದಿನಾರು ತಿಂಗಳು. ಈ ಸಲ ಅವನ ಅಪ್ಪ ಅಮ್ಮ ಇಬ್ಬರೂ ಮಂಚದ ಪಕ್ಕದಲ್ಲಿದ್ದರು. ನಾನೂ ಒಳಗೆ ಹೋಗಿ ಅವನ ತಲೆ ಮುಟ್ಟಿದೆ. ಗೇಟಿನಾಚೆಯ ಹೊಂಗೆ ಮರ ಆವತ್ತು ಹೂ ಬಿಟ್ಟಿತ್ತೋ ಇಲ್ಲವೋ ನೋಡಲೇ ಇಲ್ಲ.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಪುಟ್ಟ ಬನಿಯನ್ ಎತ್ತಿ ತನ್ನ ಮೂರು ಚುಕ್ಕೆಗಳನ್ನೂ ನನ್ನ ಹಳಿಯನ್ನೂ ಹೋಲಿಸಿ ನೋಡಿದ. ‘ನಿಮ್ದು ರೈಲು, ನಂದು ಬರೀ ಸ್ಟೇಷನ್ನು’ ಎಂದ. ಆಮೇಲೆ ತುಸು ಸುಮ್ಮನಿದ್ದು ಕೇಳಿದ: ‘ಆವತ್ತು ರಾತ್ರಿ ನೋವು ಕಡಿಮೆ ಆಯ್ತು ಅಂದ್ರೆ ನೀವ್ಯಾಕೆ ಕೂಗಿದ್ರಿ ತಾತ? ಅಮ್ಮ ಇನ್ನೂ ಕೇಳ್ತಾಳೆ.’

ಆಗ ಹೇಳಿದೆ. ಜಾತ್ರೆ, ಹರಳೆಣ್ಣೆ, ಗಾಡಿ, ಎಲ್ಲ. ನನ್ನಾಕೆಗೆ ಗೊತ್ತಿದ್ದದ್ದೂ ಅರ್ಧವೇ, ಅವಳೂ ಬಾಗಿಲಲ್ಲಿ ನಿಂತು ಕೇಳಿದಳು. ಅಕ್ಕನದು ಒಂದು ಫೋಟೋ ಕೂಡ ಇಲ್ಲ. ನಮ್ಮೂರಿಗೆ ಆಗ ಫೋಟೋ ತೆಗೆಯುವವರು ಬರುತ್ತಲೂ ಇರಲಿಲ್ಲ.

‘ಅವರಿಗೆ ಕುಂಟೆಬಿಲ್ಲೆ ಆಡೋಕೆ ಬರ್ತಿತ್ತಾ?’ ಎಂದ ಪುಟ್ಟ.

‘ಬರ್ತಿತ್ತಾ ಅಂತೀಯಲ್ಲ! ದೇವಸ್ಥಾನದ ಮುಂದೆ ಸುಣ್ಣದಲ್ಲಿ ಎಂಟು ಮನೆ ಬರೆದು ಆಡ್ತಿದ್ದಳು. ನಾನು ಒಂದು ಸಲವೂ ಅವಳನ್ನು ಸೋಲಿಸಲಿಲ್ಲ’ ಎಂದೆ.